ಬೀಡಿನ ಬ್ಲಾಕೋ, ಅಲ್ಯೂಮಿನಿಯಂ ಬ್ಲಾಕೋ?

ಹೋದ ಸಂಚಿಕೆಯಲ್ಲಿ ಟರ್ಬೊ ಕಾರುಗಳ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿದ್ದು ಎಂಜಿನ್ ಬ್ಲಾಕ್, ಅಂದರೆ ಸಿಲಿಂಡರ್‌ಗಳು ಇರುವ ಎಂಜಿನ್ನಿನ ಮುಖ್ಯ ಎರಕದ ಬಗ್ಗೆ. ಕಾಸ್ಟ್ ಐರನ್ ಒಳ್ಳೆಯದಾ, ಅಲ್ಯೂಮಿನಿಯಂ ಒಳ್ಳೆಯದಾ ಅಂತ. ನಮ್ಮ ಕಡೆ ಲೇತ್ ಶಾಪಿನವರು ಕಾಸ್ಟ್ ಐರನ್‌ಗೆ ಬೀಡು ಅಂತಾರೆ, ನಾನೂ ಹಾಗೇ ಬರೆಯುತ್ತೇನೆ. ಈ ಸಲ ಪೂರ್ತಿ ಅಂಕಣ ಇದಕ್ಕೇ.

ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಹಾಸ್ಟೆಲಿನಲ್ಲಿ ದಿನಾ ಇದೇ ವಾದ. ಟೊಯೊಟಾ ಸುಪ್ರಾದ 2ಜೆಝಡ್ ಎಂಜಿನ್ ಬೀಡಿನದು, ಅದಕ್ಕೇ ಸಾವಿರ ಹಾರ್ಸ್‌ಪವರ್ ತಡೆಯುತ್ತದೆ, ಅಲ್ಯೂಮಿನಿಯಂ ಆಗಿದ್ದರೆ ಒಡೆದೇ ಹೋಗುತ್ತಿತ್ತು ಅಂತ ಗೆಳೆಯರು ಹೇಳುತ್ತಾರೆ. ಹಾಗಾದರೆ ಈಗಿನ ಕಂಪನಿಗಳು ಅಲ್ಯೂಮಿನಿಯಂ ಯಾಕೆ ಹಾಕುತ್ತವೆ? ಬರೀ ಖರ್ಚು ಉಳಿಸೋಕಾ?
- ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಖರ್ಚು ಉಳಿಸೋಕೆ ಅಲ್ಲ. ಬೀಡೇ ಅಗ್ಗ, ಅಲ್ಯೂಮಿನಿಯಂ ತುಟ್ಟಿ. ಅಷ್ಟಾದರೂ ಹಾಕುತ್ತಾರೆ ಅಂದರೆ ಕಾರಣ ಬೇರೆ ಇದೆ.

ಮೊದಲು ತೂಕ ನೋಡಿ. ಒಂದು ಘನ ಸೆಂಟಿಮೀಟರ್ ಬೀಡು ಸುಮಾರು 7.2 ಗ್ರಾಂ ತೂಗುತ್ತದೆ, ಅಲ್ಯೂಮಿನಿಯಂ 2.7 ಗ್ರಾಂ. ಆದರೆ ಬ್ಲಾಕಿನ ತೂಕ ಇದೇ ಲೆಕ್ಕದಲ್ಲಿ ಇಳಿಯುವುದಿಲ್ಲ. ಅಲ್ಯೂಮಿನಿಯಂ ಬೀಡಿಗಿಂತ ಜಾಸ್ತಿ ಬಾಗುವ ಲೋಹ. ಹಾಗಾಗಿ ಗೋಡೆ ದಪ್ಪ ಮಾಡಬೇಕು, ಹೊರಗೆ ರಿಬ್ ಕೊಡಬೇಕು, ಸಿಲಿಂಡರಿನೊಳಗೆ ಬಹಳ ಸಲ ಬೀಡಿನದೇ ಲೈನರ್, ಅಂದರೆ ಒಳಗೋಡೆಯ ಕೊಳವೆ, ಇಡಬೇಕು. ಆಡಿ ಕಂಪನಿಯ 2.5 ಲೀಟರಿನ ಐದು ಸಿಲಿಂಡರ್ ಟರ್ಬೊ ಎಂಜಿನ್ ಇದೆಯಲ್ಲ, ಆರ್‌ಎಸ್3 ಕಾರಿನದು, ಅದು ಮೊದಲು ವಿಶೇಷ ಜಾತಿಯ ಬೀಡಿನಲ್ಲಿತ್ತು. 2016ರ ಹೊತ್ತಿಗೆ ಅದನ್ನು ಅಲ್ಯೂಮಿನಿಯಂಗೆ ಬದಲಿಸಿದಾಗ ಎಂಜಿನ್ ಒಟ್ಟು 26 ಕಿಲೊ ಹಗುರಾಯಿತು. ಇಪ್ಪತ್ತಾರು ಕಿಲೊ, ಅದೂ ಮುಂದಿನ ಗಾಲಿಗಳ ಮೇಲೆ ಕೂತಿದ್ದ ಭಾರ. ತಿರುವಿನಲ್ಲಿ ಮೂತಿ ಎಷ್ಟು ಬೇಗ ತಿರುಗುತ್ತದೆ ಅನ್ನೋದು ಇದರ ಮೇಲೇ ನಿಂತಿರುತ್ತದೆ.

ಆಮೇಲೆ ಶಾಖ. ಬ್ಲಾಕಿಗೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹ ಬೀಡಿಗಿಂತ ಎರಡೂವರೆ, ಮೂರು ಪಟ್ಟು ಬೇಗ ಶಾಖ ಸಾಗಿಸುತ್ತದೆ. ಟರ್ಬೊ ಎಂಜಿನ್ನಿನಲ್ಲಿ ಇದು ದೊಡ್ಡ ಅನುಕೂಲ. ಸಿಲಿಂಡರ್ ಗೋಡೆ ತಣ್ಣಗಿದ್ದಷ್ಟೂ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಲ್ಲಿ ತಾನಾಗಿಯೇ ಹೊತ್ತಿಕೊಳ್ಳೋದು) ಕಮ್ಮಿ, ನಾಕಿಂಗ್ ಕಮ್ಮಿ ಆದಷ್ಟೂ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸಬಹುದು, ಕಿಡಿ ಹಾರುವ ಟೈಮಿಂಗ್ ಮುಂದಕ್ಕೆ ತಳ್ಳಬಹುದು.

ಈಗ ನಿಮ್ಮ ಗೆಳೆಯರ 2ಜೆಝಡ್‌ಗೆ ಬರೋಣ. ಅದು ಗಟ್ಟಿ ಎಂಜಿನ್ ಅನ್ನೋದು ನಿಜ, ನನಗೂ ಅದರ ಮೇಲೆ ಬಹಳ ಪ್ರೀತಿ. ಆದರೆ ಬೀಡು ಅನ್ನೋ ಒಂದೇ ಕಾರಣಕ್ಕೆ ಅದು ಗಟ್ಟಿ ಆಗಿಲ್ಲ. ಮೂರು ಲೀಟರ್, ಸಾಲಾಗಿ ಆರು ಸಿಲಿಂಡರ್, 86 ಮಿಲಿಮೀಟರ್ ಬೋರ್ (ಸಿಲಿಂಡರಿನ ಅಗಲ), 86 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ). ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಫೋರ್ಜ್ ಮಾಡಿದ್ದು, ಅಂದರೆ ಎರಕ ಹೊಯ್ಯದೆ ಬಡಿದು ಮಾಡಿದ್ದು, ಅದನ್ನು ಏಳು ಮೇನ್ ಬೇರಿಂಗ್ ಹಿಡಿದಿವೆ. ಬ್ಲಾಕಿನ ಮೇಲ್ಭಾಗ ಮುಚ್ಚಿದ್ದು. ಇದನ್ನೆಲ್ಲ ಬಿಟ್ಟು ಬರೀ ಬೀಡು ಅಂದರೆ ಆಯಿತಾ? ನಮ್ಮ ಹಳೇ ಅಂಬಾಸಿಡರ್‌ನ 1489 ಸಿಸಿ ಬ್ಲಾಕ್ ಕೂಡ ಬೀಡಿನದೇ. ಅದರಲ್ಲಿ ನಾಲ್ಕು ಸಿಲಿಂಡರಿಗೆ ಮೂರೇ ಮೇನ್ ಬೇರಿಂಗ್. ಅದಕ್ಕೆ ದೊಡ್ಡ ಟರ್ಬೊ ಕಟ್ಟಿ ನೋಡಿ, ಬ್ಲಾಕ್ ಹಾಗೇ ಇರುತ್ತದೆ, ಕ್ರ್ಯಾಂಕ್ ಕುಣಿಯೋಕೆ ಶುರು ಮಾಡುತ್ತದೆ.

ಮೇಲ್ಭಾಗ ಮುಚ್ಚಿದ್ದು ಅಂದೆನಲ್ಲ, ಇಡೀ ವಿಷಯದಲ್ಲಿ ಅತಿ ಮುಖ್ಯವಾದದ್ದು ಅದು. ಒಂದು ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಲೋಟ ಸಾಲಾಗಿ ನಿಲ್ಲಿಸಿ, ಬುಡಗಳನ್ನು ಡಬ್ಬಿಗೆ ಬೆಸೆದು, ಸುತ್ತ ನೀರು ತುಂಬಿದ್ದೀರಿ ಅಂದುಕೊಳ್ಳಿ. ಲೋಟಗಳ ಬಾಯಿ ಯಾವುದಕ್ಕೂ ತಾಗಿಲ್ಲ. ಇದು ಓಪನ್ ಡೆಕ್. ನೀರು ಬಾಯಿವರೆಗೂ ಸುತ್ತಾಡುತ್ತದೆ, ತಂಪು ಚೆನ್ನಾಗಿ ಸಿಗುತ್ತದೆ, ಡೈ ಕಾಸ್ಟಿಂಗ್ ಮಾಡೋದೂ ಸುಲಭ. ಆದರೆ ಒಳಗೆ ಒತ್ತಡ ಜಾಸ್ತಿ ಆದಾಗ ಲೋಟದ ಬಾಯಿ ಅಲ್ಲಾಡುತ್ತದೆ. ಕೂದಲಿನಷ್ಟು ಅಲ್ಲಾಡಿದರೂ ಸಾಕು, ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಅದೇ ಲೋಟಗಳ ಬಾಯಿಗೆ ಸುತ್ತ ತಗಡು ಬೆಸೆದು, ನೀರು ಹೋಗೋಕೆ ಸಣ್ಣ ತೂತು ಬಿಟ್ಟರೆ ಕ್ಲೋಸ್ಡ್ ಡೆಕ್. ಈಗ ಬಾಯಿ ಅಲ್ಲಾಡೋಕೆ ಜಾಗ ಇಲ್ಲ. ಅಲ್ಯೂಮಿನಿಯಂ ಬ್ಲಾಕ್ ಒಡೆಯುತ್ತದೆ ಅನ್ನೋ ಹೆಸರು ಬಂದದ್ದು ಜಾಸ್ತಿ ಓಪನ್ ಡೆಕ್ ಎಂಜಿನ್‌ಗಳಿಗೆ ಮಿತಿ ಮೀರಿ ಬೂಸ್ಟ್ ಕೊಟ್ಟವರಿಂದ. ಲೋಹಕ್ಕಿಂತ ಅಲ್ಲಿ ವಿನ್ಯಾಸದ ಮಾತು ದೊಡ್ಡದು.

ಪುರಾವೆ ಬೇಕಾ? ಮರ್ಸಿಡಿಸ್-ಎಎಂಜಿಯ ಎಂ139 ಎಂಜಿನ್ 2019ರಲ್ಲಿ ಬಂತು. ಎರಡೇ ಲೀಟರ್, ನಾಲ್ಕೇ ಸಿಲಿಂಡರ್, 421 ಹಾರ್ಸ್‌ಪವರ್. ಅಲ್ಯೂಮಿನಿಯಂ, ಕ್ಲೋಸ್ಡ್ ಡೆಕ್. ನಿಸಾನ್ ಕಂಪನಿ 1989ರ ಸ್ಕೈಲೈನ್ ಜಿಟಿ-ಆರ್‌ನಲ್ಲಿ 2.6 ಲೀಟರಿನ ಬೀಡಿನ ಎಂಜಿನ್ ಇಟ್ಟಿತ್ತು, 2007ರ ಜಿಟಿ-ಆರ್‌ಗೆ 3.8 ಲೀಟರಿನ ಅಲ್ಯೂಮಿನಿಯಂ ವಿ6 ಇಟ್ಟಿತು. ಒಳಗೆ ಲೈನರ್ ಕೂಡ ಇಲ್ಲ, ಕಬ್ಬಿಣವನ್ನು ಕರಗಿಸಿ ಸಿಲಿಂಡರ್ ಗೋಡೆಗೆ ಸಿಂಪಡಿಸಿದ 0.15 ಮಿಲಿಮೀಟರಿನ ಪದರ ಅಷ್ಟೇ. ನಿಮ್ಮ ಗೆಳೆಯರ ಸುಪ್ರಾನೇ ತಗೊಳ್ಳಿ, 2019ರಲ್ಲಿ ಮತ್ತೆ ಬಂದ ಸುಪ್ರಾದಲ್ಲಿರೋದು ಬಿಎಂಡಬ್ಲ್ಯುನ ಬಿ58, ಅದೂ ಅಲ್ಯೂಮಿನಿಯಂ, ಅದೂ ಕ್ಲೋಸ್ಡ್ ಡೆಕ್.

ಬೀಡಿನ ಪರವಾಗಿಯೂ ಒಂದು ಒಳ್ಳೆಯ ಕತೆ ಇದೆ. 1983ರಲ್ಲಿ ನೆಲ್ಸನ್ ಪಿಕೆ ಬ್ರಾಭಮ್ ಕಾರಿನಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದಾಗ ಹಿಂದೆ ಕೂತಿದ್ದದ್ದು ಬಿಎಂಡಬ್ಲ್ಯುನ 1.5 ಲೀಟರ್ ಟರ್ಬೊ. ಅದರ ಬ್ಲಾಕ್ ಅವರ ರಸ್ತೆ ಕಾರಿನ ಎಂ10 ಎಂಜಿನ್ನಿನದು, ಬೀಡಿನದು. ಹೊಸ ಬ್ಲಾಕಿಗಿಂತ ಓಡಿದ ಹಳೇ ಬ್ಲಾಕುಗಳನ್ನು ಹುಡುಕಿ ತರುತ್ತಿದ್ದರು. ಎರಕ ಹೊಯ್ದಾಗ ಲೋಹದೊಳಗೆ ಉಳಿದ ಬಿಗಿತ ವರ್ಷಗಟ್ಟಲೆ ಕಾದು ಆರಿ ಕಾದು ಆರಿ ಸಡಿಲ ಆಗಿರುತ್ತದೆ, ಹಾಗಾಗಿ ಆಮೇಲೆ ಬೋರ್ ಮಾಡಿದರೆ ಆಕಾರ ಕೆಡುವುದಿಲ್ಲ. ಬೆಳಗಾವಿ ಕಡೆ ಫೌಂಡ್ರಿಯಲ್ಲಿ ಕೆಲಸ ಮಾಡಿದವರನ್ನು ಕೇಳಿ, ಎರಕ ಮಾಗಬೇಕು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು.

ಹಾಗಾಗಿ ಹಾಸ್ಟೆಲಿನಲ್ಲಿ ಹೀಗೆ ಹೇಳಿ. ಕಮ್ಮಿ ಖರ್ಚಿನಲ್ಲಿ ವಿಪರೀತ ಬೂಸ್ಟ್ ಕೊಡಬೇಕು, ತೂಕ ಎಷ್ಟಾದರೂ ಪರವಾಗಿಲ್ಲ ಅಂದರೆ ಬೀಡು. ಅದು ಎಷ್ಟೋ ತಪ್ಪುಗಳನ್ನು ತಡೆದುಕೊಳ್ಳುತ್ತದೆ. ರಸ್ತೆಯಲ್ಲಿ ತಿರುಗುವ, ನಿಲ್ಲುವ, ಓಡುವ ಇಡೀ ಕಾರು ಚೆನ್ನಾಗಿರಬೇಕು ಅಂದರೆ ಚೆನ್ನಾಗಿ ವಿನ್ಯಾಸ ಮಾಡಿದ ಅಲ್ಯೂಮಿನಿಯಂ.

ಪ್ರಶ್ನೆ: ನನ್ನ ಹತ್ತಿರ ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇದೆ, 1.8 ಟರ್ಬೊ. ಬೀಡಿನ ಬ್ಲಾಕ್ ಅಂತ ಗೊತ್ತು. ಇದಕ್ಕೆ ದೊಡ್ಡ ಟರ್ಬೊ ಹಾಕಿಸಲಾ, ಇಲ್ಲಾ ಇದನ್ನು ಮಾರಿ 1.5 ಟಿಎಸ್‌ಐ ಇರುವ ಹೊಸ ಕಾರು ತಗೊಂಡು ರೀಮ್ಯಾಪ್ (ಪವರ್ ಏರಿಸೋಕೆ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸೋದು) ಮಾಡಿಸಲಾ?
- ಸಪ್ತಾಪುರ, ಧಾರವಾಡ

ಉತ್ತರ: ಮಾರಬೇಡಿ. ಅಂಥ ಕಾರು ಚೆನ್ನಾಗಿ ಇಟ್ಟುಕೊಂಡವರು ಈಗ ಬಹಳ ಕಮ್ಮಿ. ಆದರೆ ದೊಡ್ಡ ಟರ್ಬೊ ಹಾಕೋ ಮುಂಚೆ ಒಂದು ಮಾತು ಕೇಳಿ. ನಿಮ್ಮ ಎಂಜಿನ್ನಿನ ಬ್ಲಾಕಿಗೆ ಏನೂ ಆಗಲ್ಲ. ಮೊದಲು ಸೋಲೋದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್. ಕಂಪನಿಯಿಂದ ಬಂದ ರಾಡ್‌ಗಳು ತೆಳ್ಳಗಿವೆ, ಕೆಳಗಿನ ಆರ್‌ಪಿಎಂನಲ್ಲೇ ಟಾರ್ಕ್ ಒಮ್ಮೆಲೇ ನುಗ್ಗಿದರೆ ಬಾಗುತ್ತವೆ. ಬಾಗಿದ ರಾಡ್ ಮುರಿದು ಬ್ಲಾಕಿಗೆ ಕಿಟಕಿ ಮಾಡಿದರೆ ಆಗ ಬೀಡಾದರೇನು, ಅಲ್ಯೂಮಿನಿಯಂ ಆದರೇನು? ಹಾಗಾಗಿ ದುಡ್ಡು ಇದ್ದರೆ ಮೊದಲು ಫೋರ್ಜ್ ಮಾಡಿದ ರಾಡ್, ಆಮೇಲೆ ಟರ್ಬೊ. ದುಡ್ಡು ಅಷ್ಟಿಲ್ಲ ಅಂದರೆ ಟರ್ಬೊ ಹಾಗೇ ಇರಲಿ, ಸಣ್ಣ ರೀಮ್ಯಾಪ್ ಸಾಕು. ಅದಕ್ಕೂ ಮುಂಚೆ ಆಯಿಲ್ ಪ್ಯಾನ್ ಬಿಚ್ಚಿಸಿ ಪಿಕಪ್ ಜಾಲರಿ ನೋಡಿಸಿ. ಈ ಎಂಜಿನ್ನಿನಲ್ಲಿ ಆಯಿಲ್ ಬದಲಿಸೋದು ತಡ ಮಾಡಿದರೆ ಅಲ್ಲಿ ಡಾಂಬರಿನ ಹಾಗೆ ಗಸಿ ಕೂರುತ್ತದೆ, ಟರ್ಬೊಗೆ ಎಣ್ಣೆ ಹೋಗಲ್ಲ.

ಅಂದ ಹಾಗೆ ಬೀಡು ಅಂದರೆ ಹಳೇ ಕಾಲದ್ದು ಅಂತ ತಿಳಿಯಬೇಡಿ. ಆಮೇಲೆ ಬಂದ ಆಕ್ಟೇವಿಯಾ ಆರ್‌ಎಸ್ 230, ಆರ್‌ಎಸ್ 245, ಮತ್ತೆ 2025ರಲ್ಲಿ ಇಲ್ಲಿಗೆ ಬಂದ ಗಾಲ್ಫ್ ಜಿಟಿಐ, ಇವೆಲ್ಲದರ ಎರಡು ಲೀಟರ್ ಎಂಜಿನ್ನಿಗೂ ಬೀಡಿನದೇ ಬ್ಲಾಕ್. ಗೋಡೆ ಸುಮಾರು ಮೂರೇ ಮಿಲಿಮೀಟರ್ ದಪ್ಪ. ಅಷ್ಟು ತೆಳ್ಳಗೆ ಬೀಡು ಎರಕ ಹೊಯ್ಯೋದು ಸಣ್ಣ ಕೆಲಸ ಅಲ್ಲ. ಇದರಿಂದ ತೂಕದ ಅಂತರ ಬಹಳ ಮಟ್ಟಿಗೆ ಕಮ್ಮಿ ಆಗಿದೆ.

1.5 ಟಿಎಸ್‌ಐ ಅಲ್ಯೂಮಿನಿಯಂ ಬ್ಲಾಕಿನದು, ಒಳ್ಳೆಯ ಎಂಜಿನ್, 150 ಹಾರ್ಸ್‌ಪವರ್. ಮನೆಗೊಂದು ದಿನಬಳಕೆ ಕಾರು ಬೇಕಿದ್ದರೆ ಖಂಡಿತ ತಗೊಳ್ಳಿ. ವಾರಂಟಿ ಇರೋವರೆಗೆ ರೀಮ್ಯಾಪ್ ಬೇಡ.

ಇನ್ನೊಂದು, ಇದನ್ನು ಕೈಮುಗಿದು ಹೇಳುತ್ತೇನೆ. ಪವರ್ ಜಾಸ್ತಿ ಮಾಡಿಸಿದ ಮೇಲೆ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ನೋಡೋಣ ಅಂತ ಹೋಗಬೇಡಿ. ಆ ರಸ್ತೆಯಲ್ಲಿ ಎಷ್ಟು ಜೀವ ಹೋಗಿವೆ ಅಂತ ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ನಿಂತಲ್ಲೇ ಪವರ್ ಅಳೆಯುವ ಡೈನೊ ಯಂತ್ರ ಇರುವ ಕಡೆ ಅಳತೆ ಮಾಡಿಸಿ. ಎಂಜಿನ್ನನ್ನೇ ಬದಲಿಸುವ ಯೋಚನೆ ಇದ್ದರೆ ಮೊದಲು ಆರ್‌ಟಿಒ ಅನುಮತಿ ತಗೊಂಡು ಆರ್‌ಸಿಯಲ್ಲಿ ಬರೆಸಬೇಕು.

ಪ್ರಶ್ನೆ: ಸರ್, ನಮ್ಮಲ್ಲಿ ಬೋರ್‌ವೆಲ್ ನೀರು ಬಹಳ ಗಡಸು. ಬಕೆಟಿನಲ್ಲಿ ಬಿಳಿ ಪದರ ಕೂರುತ್ತದೆ. ನಮ್ಮ ಅಪ್ಪ ಮೊದಲಿಂದ ಕಾರಿಗೂ ಟ್ರ್ಯಾಕ್ಟರಿಗೂ ಇದೇ ನೀರು ಹಾಕುತ್ತ ಬಂದಿದ್ದಾರೆ, ಏನೂ ಆಗಿಲ್ಲ. ನಾನೀಗ ಟರ್ಬೊ ಕಾರು ತಗೊಂಡಿದ್ದೇನೆ, ಅಲ್ಯೂಮಿನಿಯಂ ಎಂಜಿನ್. ಕೂಲಂಟೇ ಹಾಕಬೇಕಾ?
- ಬೆಟಗೇರಿ, ಗದಗ

ಉತ್ತರ: ಹಾಕಲೇಬೇಕು. ಈ ಪತ್ರಕ್ಕೆ ನಾನು ಉದ್ದ ಉತ್ತರ ಬರೆಯುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಗಳಲ್ಲಿ ಒಳ್ಳೊಳ್ಳೆ ಎಂಜಿನ್‌ಗಳು ಸಾಯೋದು ಬೂಸ್ಟಿನಿಂದ ಅಲ್ಲ, ನೀರಿನಿಂದ.

ನಿಮ್ಮ ಅಪ್ಪ ಹೇಳೋದು ಸುಳ್ಳಲ್ಲ. ಹಳೇ ಟ್ರ್ಯಾಕ್ಟರಿನ ಬ್ಲಾಕ್ ಬೀಡಿನದು, ಗೋಡೆ ದಪ್ಪ, ನೀರಿನ ದಾರಿ ಅಗಲ. ಒಳಗೆ ತುಕ್ಕು ಹಿಡಿದರೂ, ಸುಣ್ಣ ಕಟ್ಟಿದರೂ ಅದು ಹೇಗೋ ವರ್ಷಗಟ್ಟಲೆ ನಡೆಸುತ್ತದೆ. ಆದರೂ ಒಮ್ಮೆ ಅದರ ಡ್ರೇನ್ ನಟ್ ಬಿಚ್ಚಿ ನೋಡಿ. ಕೆಂಪು ರಾಡಿ ಬರುತ್ತದೆ.

ಅಲ್ಯೂಮಿನಿಯಂ ಎಂಜಿನ್ನಿನಲ್ಲಿ ಆಗೋದೇ ಬೇರೆ. ಅಲ್ಯೂಮಿನಿಯಂ ಮೇಲೆ ತೆಳ್ಳಗಿನ ಆಕ್ಸೈಡ್ ಪದರ ತಾನಾಗಿಯೇ ಕಟ್ಟಿಕೊಂಡಿರುತ್ತದೆ. ಅದೇ ಅದರ ಕವಚ. ಬೋರ್‌ವೆಲ್ ನೀರಿನಲ್ಲಿರುವ ಕ್ಲೋರೈಡ್ ಉಪ್ಪು ಆ ಕವಚವನ್ನು ಅಲ್ಲಲ್ಲಿ ಚುಚ್ಚುತ್ತದೆ. ತೂತು ಬಿದ್ದಲ್ಲಿ ಗುಂಡಿ ಗುಂಡಿಯಾಗಿ ತಿನ್ನುತ್ತಾ ಹೋಗುತ್ತದೆ. ಅದರ ಜೊತೆ ಇನ್ನೊಂದು ಕಾಟ ಇದೆ. ಒಂದೇ ನೀರಿನಲ್ಲಿ ಅಲ್ಯೂಮಿನಿಯಂ, ಬೀಡಿನ ಲೈನರ್, ತಾಮ್ರದ ಭಾಗಗಳು ಎಲ್ಲ ಮುಳುಗಿರುತ್ತವೆ. ಉಪ್ಪು ನೀರು ನಡುವೆ ಇದ್ದರೆ ಇದು ಒಂದು ಬ್ಯಾಟರಿಯ ಹಾಗೆ ಆಗುತ್ತದೆ, ಅದರಲ್ಲಿ ಕರಗಿ ಹೋಗೋದು ಅಲ್ಯೂಮಿನಿಯಮ್ಮೇ. ಹೀಗೆ ತಿಂದು ಹೋದ ವಾಟರ್ ಔಟ್‌ಲೆಟ್ ನೋಡಿದ್ದೇನೆ. ಹೋಸ್ ಎಳೆದ ಕೂಡಲೇ ಅದರ ಅಂಚು ಹಳೇ ರೊಟ್ಟಿ ಚೂರಿನ ಹಾಗೆ ಕೈಗೆ ಬಂತು, ಒಳಗೆ ಬೂದು ಬಣ್ಣದ ಪುಡಿ.

ಕೂಲಂಟ್ ಅಂದರೆ ಬರೀ ಬಣ್ಣದ ನೀರಲ್ಲ. ಅದರಲ್ಲಿ ಗ್ಲೈಕಾಲ್ ಜೊತೆ ತುಕ್ಕು ತಡೆಯುವ ರಾಸಾಯನಿಕ ಇರುತ್ತದೆ, ಅದು ಅಲ್ಯೂಮಿನಿಯಂ ಕವಚವನ್ನು ಕಾಯುತ್ತದೆ. ಕುದಿಯೋ ಮಟ್ಟವೂ ಏರುತ್ತದೆ. ನಮ್ಮ ಎತ್ತರದಲ್ಲಿ ಸಾದಾ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ. ಅರ್ಧ ಗ್ಲೈಕಾಲ್, ಅರ್ಧ ನೀರು ಆದರೆ ಒತ್ತಡ ಇಲ್ಲದೆಯೇ ನೂರೈದರ ಆಚೀಚೆ ಹೋಗುತ್ತದೆ, ರೇಡಿಯೇಟರ್ ಕ್ಯಾಪ್ ಸರಿಯಾಗಿ ಒತ್ತಡ ಹಿಡಿದರೆ ಇನ್ನೂ ಇಪ್ಪತ್ತು ಡಿಗ್ರಿ ಮೇಲೆ. ಟರ್ಬೊ ಎಂಜಿನ್ನಿಗೆ ಈ ಅಂತರ ಬೇಕೇ ಬೇಕು. ನಿಮ್ಮ ಕಾರಿನ ಕೈಪಿಡಿಯಲ್ಲಿ ಯಾವ ಜಾತಿಯ ಕೂಲಂಟ್ ಅಂತ ಬರೆದಿರುತ್ತದೆ, ಅದನ್ನೇ ತನ್ನಿ. ಹಸಿರಿಗೆ ಗುಲಾಬಿ ಬೆರೆಸಬೇಡಿ, ಬಣ್ಣ ನೋಡಿ ಜಾತಿ ತೀರ್ಮಾನ ಮಾಡಲೂಬೇಡಿ. ಕಾನ್ಸಂಟ್ರೇಟ್ ತಂದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಬದಲಿಸುವಾಗ ಹಳೆಯದನ್ನು ನೆಲಕ್ಕೆ ಬಿಡಬೇಡಿ. ಗ್ಲೈಕಾಲ್ ಸಿಹಿ ಇರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ನನಗಾದದ್ದನ್ನೂ ಹೇಳುತ್ತೇನೆ. ಎಷ್ಟೋ ವರ್ಷದ ಹಿಂದೆ ಅಂಕೋಲಾದಿಂದ ಹುಬ್ಬಳ್ಳಿಗೆ ಬರುತ್ತಿದ್ದೆ. ಸಣ್ಣ ಕಾರು, ಅಲ್ಯೂಮಿನಿಯಂ ಎಂಜಿನ್, ಐದು ಜನ, ಡಿಕ್ಕಿ ತುಂಬ ಸಾಮಾನು. ಅರಬೈಲ್ ಘಟ್ಟ ಹತ್ತುವಾಗ ಹೀಟ್ ಮುಳ್ಳು ಮೇಲೆ ಹೋಯಿತು. ಕೆಳಗಿನ ಹೋಸ್ ಸೀಳಿ ನೀರೆಲ್ಲ ಹೋಗಿತ್ತು, ನನಗೆ ಗೊತ್ತಿರಲಿಲ್ಲ. ಯಲ್ಲಾಪುರ ಇನ್ನೇನು ಬಂತು ಅಂತ ಹಾಗೇ ಓಡಿಸಿದೆ. ಆಮೇಲೆ ಮುಳ್ಳು ತಾನಾಗಿಯೇ ಕೆಳಗೆ ಇಳಿಯಿತು, ನನಗೆ ಸಮಾಧಾನ ಆಯಿತು. ಆದರೆ ಮುಳ್ಳು ಇಳಿದದ್ದು ಸೆನ್ಸರಿಗೆ ತಾಗೋಕೆ ನೀರೇ ಉಳಿದಿರಲಿಲ್ಲ ಅನ್ನೋ ಕಾರಣಕ್ಕೆ.

ಹುಬ್ಬಳ್ಳಿಯಲ್ಲಿ ಹೆಡ್ ಬಿಚ್ಚಿದರು. ಮೇಸ್ತ್ರಿ ಅದರ ಮೇಲೆ ಉಕ್ಕಿನ ಪಟ್ಟಿ ನಿಲ್ಲಿಸಿ, ಕೆಳಗೆ ಸಂದು ಅಳೆಯುವ ತೆಳ್ಳಗಿನ ಎಲೆಗಳ ಫೀಲರ್ ಗೇಜ್ ತೂರಿಸಿ ನನ್ನನ್ನು ಕರೆದರು. 0.05 ಮಿಲಿಮೀಟರಿನ ಎಲೆ ಹೋಗಬಾರದಿತ್ತು. 0.20ರ ಎಲೆ ಆರಾಮಾಗಿ ಹೋಗಿ ಬರುತ್ತಿತ್ತು. ಪಟ್ಟಿಯ ಕೆಳಗೆ ಬೆಳಕು ಕಾಣುತ್ತಿತ್ತು. ಬ್ಲಾಕಿನ ಕಡೆ ಎರಡು ಹೆಡ್ ಬೋಲ್ಟಿನ ಥ್ರೆಡ್ ಬೋಲ್ಟಿನ ಜೊತೆಗೇ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಹೊರಗೆ ಬಂದಿತ್ತು. ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಗಟ್ಟಿತನ ಬರೋದು ಹದವಾಗಿ ಕಾಯಿಸಿ ಆರಿಸೋದರಿಂದ. 200 ಡಿಗ್ರಿ ದಾಟಿ ಕಾದರೆ ಆ ಹದ ಹೋಗಿಬಿಡುತ್ತದೆ, ಮೆತ್ತಗಾಗುತ್ತದೆ. ಬೀಡಿನ ಬ್ಲಾಕ್ ಆಗಿದ್ದರೆ ಬ್ಲಾಕ್ ಬಹುಶಃ ಉಳಿಯುತ್ತಿತ್ತು. ಆ ಮೇಸ್ತ್ರಿ ಅಂದದ್ದು ಇನ್ನೂ ಕಿವಿಯಲ್ಲಿದೆ: "ಸಾಹೇಬ್ರ, ಹೀಟ್ ಆದ ಕೂಡ್ಲೇ ಗಾಡಿ ಬಾಜೂಕ ಹಚ್ಚಿ ಚಹಾ ಕುಡದಿದ್ರ ಇಷ್ಟ ಆಗ್ತಿರ್ಲಿಲ್ರಿ."

ನೀವೂ ಹಾಗೇ ಮಾಡಿ. ಮುಳ್ಳು ಏರಿದರೆ, ದೀಪ ಹತ್ತಿದರೆ, ಅಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಬಿಸಿ ಇರುವಾಗ ಕ್ಯಾಪ್ ತೆಗೆಯಬೇಡಿ, ಮುಖ ಸುಡುತ್ತದೆ. ತಣ್ಣೀರು ಒಮ್ಮೆಲೇ ಸುರಿಯಬೇಡಿ, ಬೀಡಾದರೆ ಬಿರುಕು ಬಿಡುತ್ತದೆ, ಅಲ್ಯೂಮಿನಿಯಂ ಆದರೆ ಸೊಟ್ಟ ಆಗುತ್ತದೆ.

ಪ್ರಶ್ನೆ: ನಾನು ಮೆಕ್ಯಾನಿಕ್. ಅಲ್ಯೂಮಿನಿಯಂ ಬ್ಲಾಕನ್ನು ಬೋರ್ ಮಾಡೋಕೆ ಆಗಲ್ಲ, ಒಗೆಯಬೇಕು ಅಂತ ಕೆಲವರು ಹೇಳುತ್ತಾರೆ. ಕೆಲವರು ಮಾಡಬಹುದು ಅಂತಾರೆ. ಯಾವುದು ಸರಿ?
- ರಾಣೆಬೆನ್ನೂರು

ಉತ್ತರ: ಎರಡೂ ಸರಿ, ಅಣ್ಣಾ. ಒಳಗಿನ ಗೋಡೆ ಯಾವುದು ಅನ್ನೋದರ ಮೇಲೆ ಹೋಗುತ್ತದೆ.

ಬೀಡಿನ ಬ್ಲಾಕ್ ನಿಮಗೆ ಗೊತ್ತೇ ಇದೆ. ಬೋರಿನ ಮೇಲಿನ ಅಂಚಿಗೆ ಉಗುರು ಎಳೆದರೆ ಮೆಟ್ಟಿಲು ಸಿಗುತ್ತದೆ, ಅಷ್ಟು ಸವೆದಿದೆ ಅಂತ ಅರ್ಥ. 0.25, 0.50 ಮಿಲಿಮೀಟರ್ ಓವರ್‌ಸೈಜ್ ಮಾಡಿ, ಹೋನಿಂಗ್ ಕಲ್ಲಿನಿಂದ ಅಡ್ಡಗೆರೆ ಬರೆದು, ಹೊಸ ಪಿಸ್ಟನ್ ಹಾಕಿದರೆ ಮುಗಿಯಿತು. ಗೋಕುಲ ರೋಡಿನ ಯಾವ ಒಳ್ಳೆ ಲೇತ್ ಶಾಪಿನಲ್ಲೂ ಆಗುತ್ತದೆ. ಹೋನಿಂಗ್ ಆದ ಮೇಲೆ ಬೋರಿಗೆ ಬೆರಳು ಆಡಿಸಿದರೆ ಕಪ್ಪು ಹತ್ತುತ್ತದಲ್ಲ, ಅದರಲ್ಲಿ ಬೀಡಿನೊಳಗಿನ ಗ್ರಾಫೈಟೂ ಇರುತ್ತದೆ. ಅದೇ ಗ್ರಾಫೈಟ್ ಬೋರಿಗೆ ಒಂದಿಷ್ಟು ಜಾರುತನ ಕೊಡುತ್ತದೆ, ಎಣ್ಣೆ ಹಿಡಿದಿಡುತ್ತದೆ, ಸದ್ದು ಅದುರು ನುಂಗುತ್ತದೆ.

ಅಲ್ಯೂಮಿನಿಯಂ ಬ್ಲಾಕಿನಲ್ಲಿ ಬೀಡಿನ ಲೈನರ್ ಕೂರಿಸಿದ್ದರೆ ಲೈನರಿನಲ್ಲಿ ದಪ್ಪ ಇರೋವರೆಗೆ ಅದನ್ನೂ ಬೋರ್ ಮಾಡಬಹುದು. ಓವರ್‌ಸೈಜ್ ಪಿಸ್ಟನ್ ಸಿಗುತ್ತದಾ ಅಂತ ಮೊದಲು ನೋಡಿಕೊಳ್ಳಿ. ಬೋರ್ ಮಾಡುವಾಗ ಹೆಡ್ಡಿನ ಬದಲು ಟಾರ್ಕ್ ಪ್ಲೇಟ್ ಅನ್ನೋ ದಪ್ಪ ಫಲಕ ಬಿಗಿದು ಮಾಡಿಸಿ. ಹೆಡ್ ಬೋಲ್ಟ್ ಬಿಗಿದಾಗ ಅಲ್ಯೂಮಿನಿಯಂ ಬ್ಲಾಕಿನ ಬೋರ್ ಆಕಾರ ಸ್ವಲ್ಪ ಬದಲಾಗುತ್ತದೆ, ಬಿಗಿಯದೆ ಮಾಡಿದ ದುಂಡು ಬಿಗಿದ ಮೇಲೆ ದುಂಡಾಗಿ ಉಳಿಯಲ್ಲ.

ನಿಕಾಸಿಲ್ (ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಸೇರಿದ ಗಟ್ಟಿ ಪದರ) ಹಾಗೆ ಲೇಪನ ಇರುವ ಬೋರು, ಪ್ಲಾಸ್ಮಾ ಸಿಂಪಡಿಸಿದ ಬೋರು, ಇವಕ್ಕೆ ನಮ್ಮ ಬೋರಿಂಗ್ ಮಷಿನ್ ಹಚ್ಚಲೇಬೇಡಿ. ಪದರ ಕೂದಲಿಗಿಂತ ಸ್ವಲ್ಪ ದಪ್ಪ ಇರಬಹುದು ಅಷ್ಟೇ, ಒಂದೇ ಸಲಕ್ಕೆ ಹೋಗಿಬಿಡುತ್ತದೆ. ಮತ್ತೆ ಲೇಪನ ಮಾಡಿಸಬೇಕು, ಇಲ್ಲಾ ದೊಡ್ಡದಾಗಿ ಕೊರೆದು ಸ್ಲೀವ್ ಹಾಕಿಸಬೇಕು. ಹಾಗೇ ಸಿಲಿಕಾನ್ ಜಾಸ್ತಿ ಇರುವ ಅಲ್ಯೂಮಿನಿಯಂ ಬ್ಲಾಕ್ ಇರುತ್ತವೆ, ಅವಕ್ಕೆ ಲೈನರೂ ಇಲ್ಲ ಲೇಪನವೂ ಇಲ್ಲ. ಹೋನ್ ಮಾಡಿದ ಮೇಲೆ ಅಲ್ಯೂಮಿನಿಯಂ ಅನ್ನು ಸ್ವಲ್ಪ ತಗ್ಗಿಸಿ ಸಿಲಿಕಾನ್ ಹರಳುಗಳು ಮೇಲೆ ಎದ್ದು ನಿಲ್ಲೋ ಹಾಗೆ ಮಾಡಬೇಕು. ಪಿಸ್ಟನ್ ರಿಂಗ್ ಆ ಹರಳುಗಳ ಮೇಲೆ ಓಡುತ್ತದೆ. ಅಮೆರಿಕದಲ್ಲಿ ಶೆವ್ರೊಲೆ ವೇಗಾ ಕಾರು 1970ರಲ್ಲಿ ಇಂಥ ಬ್ಲಾಕಿನ ಜೊತೆ ಬಂತು, 2.3 ಲೀಟರ್, ಸುಮಾರು ಶೇಕಡ 17 ಸಿಲಿಕಾನ್. ಅದರ ಮೇಲೆ ಬೀಡಿನ ಹೆಡ್ ಇಟ್ಟಿದ್ದರು. ಹೀಟ್ ಆಗೋದು, ಆಯಿಲ್ ಕುಡಿಯೋದು, ಬೋರ್ ಕೆಡೋದು ಅಂತ ಹೆಸರು ಕೆಟ್ಟಿತು. ಅಲ್ಯೂಮಿನಿಯಂ ಬ್ಲಾಕ್ ಬೇಡವೇ ಬೇಡ ಅಂತ ಬಹಳ ಜನ ಹೇಳೋಕೆ ಆ ಕಾರೂ ಒಂದು ಕಾರಣ. ನಿಕಾಸಿಲ್‌ಗೂ ಇಂಥದ್ದೇ ಕತೆ. 1990ರ ದಶಕದಲ್ಲಿ ಬಿಎಂಡಬ್ಲ್ಯು, ಜಾಗ್ವಾರ್ ಎಂಜಿನ್‌ಗಳಲ್ಲಿ ಪೆಟ್ರೋಲಿನ ಗಂಧಕ ಆ ಲೇಪನವನ್ನು ತಿಂದು ಹಾಕಿತು. ಈಗಿನ ಪೆಟ್ರೋಲಿನಲ್ಲಿ ಗಂಧಕ ಬಹಳ ಕಮ್ಮಿ.

ಗಿರಾಕಿ ಗಾಡಿ ತಂದ ಕೂಡಲೇ ಎಂಜಿನ್ ನಂಬರ್ ನೋಡಿ ಒಳಗೆ ಏನಿದೆ ಅಂತ ತಿಳಿದುಕೊಂಡೇ ರೇಟ್ ಹೇಳಿ. ಬಿಚ್ಚಿದ ಮೇಲೆ ಹೇಳಿದರೆ ನಿಮಗೂ ತೊಂದರೆ, ಅವರಿಗೂ ತೊಂದರೆ. ಮತ್ತೆ ಟಾರ್ಕ್ ರೆಂಚ್ ಇಲ್ಲದೆ ಅಲ್ಯೂಮಿನಿಯಂ ಬ್ಲಾಕಿಗೆ ಒಂದು ಬೋಲ್ಟ್ ಕೂಡ ಬಿಗಿಯಬೇಡಿ. ಬೀಡಿನ ಮೇಲೆ ಕೈ ಅಂದಾಜು ನಡೆಯುತ್ತಿತ್ತು, ಇಲ್ಲಿ ನಡೆಯಲ್ಲ.

ಪ್ರಶ್ನೆ: ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡಬೇಕು ಅಂತ ನಮ್ಮ ಮಾವ ಹೇಳುತ್ತಾರೆ. ಅಲ್ಯೂಮಿನಿಯಂ ಎಂಜಿನ್ನಿಗೂ ಇದು ಬೇಕಾ?
- ಹಾವೇರಿ

ಉತ್ತರ: ಬೇಡಮ್ಮ. ಅರ್ಧ ನಿಮಿಷ ಸಾಕು, ಎಣ್ಣೆ ಮೇಲೆ ಹೋಗೋಕೆ. ಆಮೇಲೆ ನಿಧಾನ ಓಡಿಸುತ್ತಾ ಬಿಸಿ ಮಾಡಿ. ಅಲ್ಯೂಮಿನಿಯಂ ಬ್ಲಾಕ್ ಬೇಗ ಬಿಸಿ ಆಗುತ್ತದೆ. ಮುಳ್ಳು ನಡುವಿಗೆ ಬಂದ ಮೇಲೂ ಎಂಜಿನ್ ಆಯಿಲ್ ಇನ್ನೂ ತಣ್ಣಗಿರುತ್ತದೆ, ಹಾಗಾಗಿ ಇನ್ನೊಂದು ಐದಾರು ಕಿಲೋಮೀಟರ್ ಜೋರಾಗಿ ಒತ್ತಬೇಡಿ. ಮಾವ ಹೇಳಿದ್ದಕ್ಕೂ ಕಾರಣ ಇತ್ತು, ಕಾರ್ಬುರೇಟರ್ ಕಾಲದಲ್ಲಿ ಚೋಕ್ ಎಳೆದು ಹಾಗೇ ಮಾಡಬೇಕಿತ್ತು.

ಎರಡು ಲೋಹ ಎಷ್ಟು ಹಿಗ್ಗುತ್ತವೆ ಅಂತ ತಿಳಿದರೆ ನಿಧಾನ ಯಾಕೆ ಅಂತ ಅರ್ಥ ಆಗುತ್ತದೆ. 80 ಮಿಲಿಮೀಟರ್ ಅಗಲದ ಬೋರು 80 ಡಿಗ್ರಿ ಬಿಸಿ ಏರಿದರೆ ಬೀಡಿನಲ್ಲಿ ಸುಮಾರು 0.07 ಮಿಲಿಮೀಟರ್ ಹಿಗ್ಗುತ್ತದೆ, ಬರೀ ಅಲ್ಯೂಮಿನಿಯಮ್ಮಿನಲ್ಲಿ ಸುಮಾರು 0.13. ಪಿಸ್ಟನ್ ಎರಡರಲ್ಲೂ ಅಲ್ಯೂಮಿನಿಯಂದೇ. ಎಲ್ಲ ಒಟ್ಟಿಗೆ ಒಂದು ಹದಕ್ಕೆ ಬರೋಕೆ ಆ ಐದಾರು ಕಿಲೋಮೀಟರ್ ಬೇಕು.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋಗುತ್ತಿದ್ದೇನೆ. ಮಾರುವವರಿಗೂ ಬ್ಲಾಕ್ ಯಾವುದು ಅಂತ ಗೊತ್ತಿಲ್ಲ. ನೋಡಿದ ಕೂಡಲೇ ಹೇಗೆ ತಿಳಿಯೋದು?
- ಬ್ಯಾಡಗಿ

ಉತ್ತರ: ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ, ಫ್ರಿಜ್ಜಿಗೆ ಅಂಟಿಸೋದು ಆದರೂ ಸಾಕು. ಎಂಜಿನ್ ತಣ್ಣಗಿರುವಾಗ ಹೆಡ್ಡಿನ ಕೆಳಗೆ, ಬ್ಲಾಕಿನ ಪಕ್ಕಕ್ಕೆ ತಾಗಿಸಿ. ಹಿಡಿದರೆ ಬೀಡು, ಜಾರಿ ಬಿದ್ದರೆ ಅಲ್ಯೂಮಿನಿಯಂ. ಹೆಡ್ಡಿಗೆ ಹಚ್ಚಿ ಮೋಸ ಹೋಗಬೇಡಿ, ಬೀಡಿನ ಬ್ಲಾಕ್ ಇದ್ದರೂ ಹೆಡ್ ಸಾಮಾನ್ಯವಾಗಿ ಅಲ್ಯೂಮಿನಿಯಂ ಇರುತ್ತದೆ. ಬ್ರಾಕೆಟ್ಟಿಗೂ ಹಚ್ಚಬೇಡಿ.

ಆಮೇಲೆ ಕೂಲಂಟ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ನೋಡಿ. ತಿಳಿಯಾದ ಬಣ್ಣ ಇದ್ದರೆ ಒಳ್ಳೆಯದು. ಸಾದಾ ನೀರು, ಕೆಂಪು ರಾಡಿ, ಇಲ್ಲಾ ಮೇಲೆ ಎಣ್ಣೆ ತೇಲುತ್ತಿದ್ದರೆ ಮುಚ್ಚಳ ಹಾಕಿ ಮನೆಗೆ ಬನ್ನಿ.